ಕೈ ಬಿಟ್ಟರೂ ನಿಲ್ಲಬೇಕು

(ಮದುವೆ, ಜಾತ್ರೆಗಳ ವಿಡಿಯೊ ಮಾಡುವ ಗೆಳೆಯರ ಸಭೆಯಲ್ಲಿ ಶೋಲ್ಡರ್ ರಿಗ್ ಬಗ್ಗೆ, ಅಂದರೆ ಕ್ಯಾಮೆರಾವನ್ನು ಹೆಗಲ ಮೇಲೆ ಕೂರಿಸುವ ಚೌಕಟ್ಟಿನ ಬಗ್ಗೆ, ಆಡಿದ ಮಾತಿನ ಬರಹ ರೂಪ. ಅಲ್ಲಿ ಕ್ಯಾಮೆರಾ ಹಿಡಿದು ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಮಾತು ಶುರು ಮಾಡುವ ಮೊದಲು ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗನನ್ನು ಕರೆದೆ. ಕೈಗೆ ಡಿಎಸ್‌ಎಲ್‌ಆರ್ ಫೋಟೊ ಕ್ಯಾಮೆರಾ ಕೊಟ್ಟೆ. ಕ್ಯಾಮೆರಾ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸ್, 55ಕ್ಕೆ ಜೂಮ್ ಮಾಡಿಟ್ಟಿದ್ದೆ. ಅಲುಗಾಟ ತಗ್ಗಿಸುವ ಲೆನ್ಸಿನ ಐಎಸ್ ಆಫ್ ಮಾಡಿದ್ದೆ. ಕ್ಯಾಮೆರಾದಿಂದ ಒಂದು ವೈರ್ ಎಳೆದು ಪಕ್ಕದ ಟಿವಿಗೆ ಕೊಟ್ಟಿದ್ದೆವು. ‘ಎದುರು ಗೋಡೆಯ ಗಡಿಯಾರ ತೋರಿಸಪ್ಪ, ಅಲ್ಲಾಡಿಸಬೇಡ’ ಅಂದೆ. ಸ್ಕ್ರೀನಿನಲ್ಲಿ ಫೋಕಸ್ ನೋಡಲು 10 ಪಟ್ಟು ದೊಡ್ಡದು ಮಾಡುವ ಗುಂಡಿ ಇರುತ್ತದಲ್ಲ, ಅದನ್ನು ಒತ್ತಿದೆ.

ಟಿವಿಯಲ್ಲಿ ಗಡಿಯಾರ ಕುಣಿಯತೊಡಗಿತು. ಹುಡುಗ ಉಸಿರು ಬಿಗಿಹಿಡಿದ. ಆಗ ಇನ್ನೂ ಜಾಸ್ತಿ ಆಯಿತು. ಒಳ್ಳೆಯ ಗಟ್ಟಿ ಕೈಯ ಹುಡುಗ. ಅವನ ತಪ್ಪೇನೂ ಇಲ್ಲ. ಯಾರ ಕೈಯಾದರೂ ಸೆಕೆಂಡಿಗೆ 8ರಿಂದ 12 ಸಲ ಸಣ್ಣಗೆ ನಡುಗುತ್ತಲೇ ಇರುತ್ತದೆ. ಅದು ಹೆದರಿಕೆಯ ನಡುಕ ಅಲ್ಲ, ಜೀವ ಇರುವ ಸ್ನಾಯುವಿನ ನಡುಕ.

ಆಮೇಲೆ ಅದೇ ಕ್ಯಾಮೆರಾವನ್ನು ಶೋಲ್ಡರ್ ರಿಗ್‌ಗೆ ಹಾಕಿ ಅವನ ಹೆಗಲ ಮೇಲಿಟ್ಟೆ. ಗಡಿಯಾರದ ಕುಣಿತ ಕಡಿಮೆಯಾಯಿತು. ಮುಳ್ಳು ಕಾಣಿಸತೊಡಗಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹೇಳಿದೆ, ‘ಈಗ ನಿಧಾನವಾಗಿ ಎರಡೂ ಕೈ ಬಿಡು.’ ಅವನು ಬಿಟ್ಟ. ರಿಗ್ ಮುಗ್ಗರಿಸಿ ಮುಂದಕ್ಕೆ ಬಿತ್ತು. ನಾನು ಕೆಳಗೆ ಕೈ ಕೊಟ್ಟು ನಿಂತಿದ್ದೆ, ಹಿಡಿದುಕೊಂಡೆ. ಕ್ಯಾಮೆರಾದ ಭಾರಕ್ಕೆ ಸಮವಾಗಿ ರಿಗ್‌ನ ಹಿಂಬದಿಗೆ ಕಟ್ಟುವ ತೂಕವನ್ನು ನಾನೇ ಬಿಚ್ಚಿಟ್ಟಿದ್ದೆ. ಈ ಬೀಳುವುದನ್ನು ಎಲ್ಲರೂ ಕಣ್ಣಾರೆ ನೋಡಲಿ ಅಂತಲೇ ಹಾಗೆ ಮಾಡಿದ್ದು.

ನಮ್ಮಲ್ಲಿ ತುಂಬ ಜನರ ರಿಗ್ ಹೀಗೇ ಇದೆ. ದುಡ್ಡು ಕೊಟ್ಟು ತಂದಿದ್ದಾರೆ. ಹೆಗಲ ಮೇಲೆ ಇಟ್ಟುಕೊಂಡಿದ್ದಾರೆ. ಆದರೆ ಕ್ಯಾಮೆರಾವನ್ನು ಹೊತ್ತಿರುವುದು ಹೆಗಲಲ್ಲ, ಈಗಲೂ ಕೈಗಳೇ. ಮೊದಲು ಬರೀ ಕ್ಯಾಮೆರಾ ಹೊರುತ್ತಿದ್ದ ಕೈ ಈಗ ಕ್ಯಾಮೆರಾ ಜೊತೆಗೆ ಕಬ್ಬಿಣವನ್ನೂ ಹೊರುತ್ತದೆ. ಹತ್ತು ನಿಮಿಷಕ್ಕೆ ತೋಳು ಸೋಲುತ್ತದೆ, ‘ರಿಗ್ ಸುಮ್ನೆ ದಂಡ’ ಅಂತ ಅದು ಅಟ್ಟ ಸೇರುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ರಿಗ್ ಹೆಗಲ ಮೇಲೆ ಕೈ ಬಿಟ್ಟರೂ ನಿಲ್ಲಬೇಕು. ನಿಂತರೆ ಅದು ರಿಗ್. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಈ ತೊಂದರೆ ನಮಗೆ ಯಾಕೆ ಬಂತು ಅಂತ ಸ್ವಲ್ಪ ನೋಡೋಣ. ನಾನು ಈ ಕೆಲಸಕ್ಕೆ ಬಂದಾಗ ನಮ್ಮ ಗುರುಗಳ ಹತ್ತಿರ ಹೆಗಲ ಮೇಲಿಟ್ಟುಕೊಳ್ಳುವ ವಿಎಚ್‌ಎಸ್ ಟೇಪಿನ ಕ್ಯಾಮೆರಾ ಇತ್ತು. ನಾನು ಲೈಟ್ ಹಿಡಿಯುವ ಹುಡುಗ. ಅವರು ಧಾರೆ ಮುಗಿಯುವ ತನಕ ಒಂದೇ ಭಂಗಿಯಲ್ಲಿ ನಿಲ್ಲುತ್ತಿದ್ದರು. ಆ ಕ್ಯಾಮೆರಾದ ಟೇಪು, ಬ್ಯಾಟರಿ ಹೆಗಲ ಹಿಂದಕ್ಕೆ ಬರುತ್ತಿದ್ದವು, ಲೆನ್ಸ್ ಮುಂದಕ್ಕೆ. ಮಾಡಿದವರೇ ಹೆಗಲಿಗೆ ಅಂತ ಮಾಡಿದ್ದರು. ಟಿವಿ ಸುದ್ದಿಯವರು ಬಳಸುತ್ತಿದ್ದ ಬೀಟಾಕ್ಯಾಮ್ 1982ರಲ್ಲಿ ಬಂದದ್ದು, ಅದೂ ಹಾಗೆಯೇ. ಅದಕ್ಕೂ ಮೊದಲು, 1970ರ ದಶಕದಲ್ಲಿ, ಫ್ರಾನ್ಸಿನ ಗ್ರೆನೋಬಲ್ ಊರಿನಲ್ಲಿ ಜ್ಯಾಂ ಪಿಯರ್ ಬೊವಿಯಾಲಾ ಎಂಬ ಎಂಜಿನಿಯರ್ ಆಟೊನ್ ಎಂಬ ಫಿಲ್ಮ್ ಕ್ಯಾಮೆರಾ ಮಾಡಿದರು. ಕ್ಯಾಮೆರಾ ಅಂದರೆ ಹೆಗಲ ಮೇಲೆ ಕೂತ ಬೆಕ್ಕಿನ ಹಾಗಿರಬೇಕು ಅನ್ನುವುದು ಅವರ ಗುರಿ. ಈ ಹೋಲಿಕೆ ನನಗೆ ತುಂಬ ಇಷ್ಟ. ಬೆಕ್ಕನ್ನು ಹೆಗಲ ಮೇಲೆ ಯಾರೂ ಎತ್ತಿ ಹಿಡಿಯುವುದಿಲ್ಲ. ಅದೇ ತನ್ನ ಭಾರ ನೋಡಿಕೊಂಡು ಕೂರುತ್ತದೆ.

2008ರಲ್ಲಿ ಈ ಕಥೆ ಬದಲಾಯಿತು. ಆ ವರ್ಷ ಆಗಸ್ಟಿನಲ್ಲಿ ನಿಕಾನ್ ಡಿ90, ಮರುತಿಂಗಳೇ ಕ್ಯಾನನ್ 5ಡಿ ಮಾರ್ಕ್ 2 ಘೋಷಣೆಯಾದವು. ಫೋಟೊ ಕ್ಯಾಮೆರಾದಲ್ಲಿ ವಿಡಿಯೊ. ಹಿಂದಿನದೆಲ್ಲ ಮಸುಕಾಗಿ ಮುಖ ಮಾತ್ರ ಎದ್ದು ಕಾಣುವ ಆ ಚಿತ್ರ ನೋಡಿ ನಾವೆಲ್ಲ ಮನಸೋತೆವು, ಅಲ್ವಾ? ಆದರೆ ಅದರ ಆಕಾರ ಫೋಟೊಗೆ ಮಾಡಿದ್ದು. ಫೋಟೊಗ್ರಾಫರಿಗೆ ಅದು ಸೆಕೆಂಡಿನ 125ನೇ ಒಂದು ಭಾಗ ಅಲ್ಲಾಡದೆ ನಿಂತರೆ ಸಾಕು. ನಮಗೆ ಮಾಂಗಲ್ಯಧಾರಣೆ ಮುಗಿಯುವ ತನಕ ನಿಲ್ಲಬೇಕು.

ಇನ್ನೊಂದು ಸಂಗತಿ ಇದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಫೋಟೊ ತೆಗೆಯುವಾಗ ಕ್ಯಾಮೆರಾ ಹಣೆಗೆ, ಕೆನ್ನೆಗೆ ಒತ್ತಿಕೊಂಡಿರುತ್ತದೆ. ಎರಡು ಕೈ, ಒಂದು ಮುಖ, ಮೂರು ಕಡೆ ಆಸರೆ. ವಿಡಿಯೊಗೆ ಹೋದ ತಕ್ಷಣ ಒಳಗಿನ ಕನ್ನಡಿ ಮೇಲೆದ್ದುಬಿಡುತ್ತದೆ. ಕಣ್ಣಿಡುವ ಕಿಂಡಿ ಕತ್ತಲಾಗುತ್ತದೆ. ಹಿಂದಿನ ಸ್ಕ್ರೀನ್ ನೋಡಬೇಕು. ಅದಕ್ಕೆ ಕ್ಯಾಮೆರಾವನ್ನು ಮುಖದಿಂದ ಒಂದು ಗೇಣು ದೂರ ಹಿಡಿಯುತ್ತೇವೆ. ಮುಖದ ಆಸರೆ ಹೋಯಿತು. ಮೊಣಕೈ ಪಕ್ಕೆ ಬಿಟ್ಟು ಗಾಳಿಗೆ ಬಂತು. ಅಲುಗಾಟ ಶುರುವಾಗುವುದು ಅಲ್ಲಿಂದ.

ಇದರ ಮೇಲೆ ಇನ್ನೊಂದು ಪೆಟ್ಟು. ಈ ಕ್ಯಾಮೆರಾಗಳಲ್ಲಿ ಫಿಲ್ಮಿನ ಜಾಗದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಇಡೀ ಚಿತ್ರವನ್ನು ಒಟ್ಟಿಗೆ ಓದುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಓದುತ್ತಿರುವಾಗಲೇ ಕ್ಯಾಮೆರಾ ನಡುಗಿದರೆ ಮೇಲಿನ ಸಾಲು ಒಂದು ಕಡೆ, ಕೆಳಗಿನ ಸಾಲು ಇನ್ನೊಂದು ಕಡೆ. ಛತ್ರದ ಕಂಬಗಳು ವಾಲುತ್ತವೆ, ಚಿತ್ರ ಜೆಲ್ಲಿ ತರ ಬಳುಕುತ್ತದೆ. ಬರೀ ಅಲುಗಿದ್ದನ್ನು ಎಡಿಟಿಂಗ್‌ನಲ್ಲಿ ಒಂದಿಷ್ಟು ಸರಿ ಮಾಡಬಹುದು. ಹೀಗೆ ಬಳುಕಿದ್ದನ್ನು ಪೂರ್ತಿ ಸರಿ ಮಾಡುವುದು ಕಷ್ಟ. ಆ ಜೆಲ್ಲಿಗೆ ಕಾರಣ ಸಣ್ಣ, ಬೇಗದ ನಡುಕ. ಹೆಗಲ ರಿಗ್ ಚೆನ್ನಾಗಿ ತಡೆಯುವುದೂ ಅದನ್ನೇ.

ಹೇಗೆ ತಡೆಯುತ್ತದೆ? ಇಲ್ಲಿ ನಾಲ್ಕು ಮಾತು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಯಾವ ರಿಗ್ ತಂದರೂ ನೀವೇ ಸರಿ ಮಾಡಿಕೊಳ್ಳಬಹುದು.

ಅಲುಗಾಟದಲ್ಲಿ ಎರಡು ಬಗೆ. ಒಂದು ಸರಿಯುವುದು, ಇನ್ನೊಂದು ತಿರುಗುವುದು. ಮಂಟಪದಿಂದ 5 ಮೀಟರ್ ದೂರ ನಿಂತಿದ್ದೀರಿ ಅಂತಿಟ್ಟುಕೊಳ್ಳಿ. ಕ್ಯಾಮೆರಾ 1 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಮಂಟಪದ ಹತ್ತಿರ ಫ್ರೇಮು ಸರಿಯುವುದೂ 1 ಸೆಂಟಿಮೀಟರ್. ಯಾರಿಗೂ ಗೊತ್ತಾಗುವುದಿಲ್ಲ. ಅದೇ ಕ್ಯಾಮೆರಾ 1 ಡಿಗ್ರಿ ತಿರುಗಿದರೆ? ಅಲ್ಲಿ ಫ್ರೇಮು ಹೆಚ್ಚು ಕಡಿಮೆ 9 ಸೆಂಟಿಮೀಟರ್ ಜಾರುತ್ತದೆ. 10 ಮೀಟರ್ ದೂರದಲ್ಲಾದರೆ 17. ನಮ್ಮ ಚಿತ್ರ ಕೆಡಿಸುವುದು ಈ ತಿರುಗುವಿಕೆ. ಮಣಿಕಟ್ಟಿನ ಮೇಲೆ ನಿಂತ ಪುಟ್ಟ ಕ್ಯಾಮೆರಾ ಎಲ್ಲಾ ಕಡೆಗೂ ಸುಲಭವಾಗಿ ತಿರುಗುತ್ತದೆ.

ತಿರುಗದ ಹಾಗೆ ಮಾಡುವುದು ಹೇಗೆ ಅಂತ ನಮ್ಮ ಊರುಗಳಲ್ಲಿ ಹಗ್ಗದ ಮೇಲೆ ನಡೆಯುವವರಿಗೆ ಎಂದೋ ಗೊತ್ತಿತ್ತು. ಹಗ್ಗದ ಮೇಲಿನ ಹುಡುಗಿ ಉದ್ದನೆಯ ಬಿದಿರ ಗಳ ಅಡ್ಡಲಾಗಿ ಹಿಡಿದಿರುತ್ತಾಳೆ. ಅಷ್ಟೇ ತೂಕದ ಒಂದು ಕಲ್ಲುಗುಂಡು ಹಿಡಿದರೆ ಅವಳಿಗೆ ಏನೂ ಉಪಯೋಗ ಇಲ್ಲ. ಗಳದಲ್ಲಿ ತೂಕ ದೂರದೂರ ಹರಡಿದೆ. ದೂರ ಹರಡಿದ ತೂಕ ಬೇಗ ತಿರುಗಲು ಒಪ್ಪುವುದಿಲ್ಲ. ಇದರ ಲೆಕ್ಕವೂ ಚಂದ. ತೂಕವನ್ನು ಎರಡು ಪಟ್ಟು ದೂರ ಇಟ್ಟರೆ ತಿರುಗಿಸುವುದು ನಾಲ್ಕು ಪಟ್ಟು ಕಷ್ಟವಾಗುತ್ತದೆ. ಹೆಗಲ ರಿಗ್‌ನಲ್ಲಿ ಕ್ಯಾಮೆರಾ ಒಂದು ಗೇಣು ಮುಂದೆ, ತೂಕ ಒಂದು ಗೇಣು ಹಿಂದೆ. ನಿಮ್ಮ ಗಳ ಅದೇ.

ಈಗ ತೂಕದ ಲೆಕ್ಕ. 5ಡಿ ಮಾರ್ಕ್ 2 ಬಾಡಿ 810 ಗ್ರಾಂ, ಹಳೆಯ 24-70 ಲೆನ್ಸ್ 950 ಗ್ರಾಂ. ಬ್ಯಾಟರಿ ಸೇರಿದರೆ 1.8 ಕೆಜಿ ಅನ್ನೋಣ. ಇದು ಹೆಗಲಿನಿಂದ 30 ಸೆಂಟಿಮೀಟರ್ ಮುಂದಿದೆ. ಹಿಂದೆಯೂ 30 ಸೆಂಟಿಮೀಟರ್ ದೂರ ಹೋದರೆ ಅಷ್ಟೇ 1.8 ಕೆಜಿ ತೂಕ ಸಾಕು. 20 ಸೆಂಟಿಮೀಟರಿಗೇ ನಿಲ್ಲಿಸಿದರೆ 2.7 ಕೆಜಿ ಬೇಕು. ತಕ್ಕಡಿ ಲೆಕ್ಕ ಇದು, ಕಾವಡಿ ಹೊರುವವರ ಲೆಕ್ಕ. ಒಂದು ಕಡೆಯ ಕೊಡ ಖಾಲಿಯಾದರೆ ಕಾವಡಿ ಹೆಗಲ ಮೇಲೆ ನಿಲ್ಲುತ್ತದಾ? ಹ್ಯಾಂಡಲ್ಲುಗಳ, ರಾಡುಗಳ ಸ್ವಂತ ತೂಕ ಇದರಲ್ಲಿ ಹಿಡಿದಿಲ್ಲ. ಆದ್ದರಿಂದ ಲೆಕ್ಕದಿಂದ ಶುರು ಮಾಡಿ, ಕೊನೆಗೆ ಕೈ ಬಿಟ್ಟು ನೋಡಿಯೇ ಸರಿ ಮಾಡಿ. ಹತ್ತು ಎಣಿಸುವ ತನಕ ರಿಗ್ ಮುಂದಕ್ಕೂ ಹಿಂದಕ್ಕೂ ವಾಲದೆ ಕೂತರೆ ಆಯಿತು. ಹಾಗೆ ನೋಡುವಾಗ ಒಬ್ಬರು ಕೆಳಗೆ ಕೈ ಕೊಟ್ಟು ನಿಂತಿರಲಿ.

ಹಿಂದೆ ಹಾಕುವ ತೂಕಕ್ಕೆ ತುಂಬ ದುಡ್ಡು ಸುರಿಯಬೇಡಿ. ನಾನು ವರ್ಷಗಟ್ಟಲೆ ಬಳಸಿದ್ದು ದಿನಸಿ ಅಂಗಡಿಯ ಕಬ್ಬಿಣದ ತೂಕದ ಕಲ್ಲುಗಳು. 2 ಕೆಜಿಯದು ಒಂದು, 500 ಗ್ರಾಂ ಒಂದು, 200 ಗ್ರಾಂ ಒಂದು. ದಪ್ಪ ಜೀನ್ಸ್ ಬಟ್ಟೆಯಲ್ಲಿ ಮೂರು ಅರೆ ಮಾಡಿ ಚೀಲ ಹೊಲಿಸಿದೆ. ಲೆನ್ಸ್ ಬದಲಾದರೆ ಒಂದು ಕಲ್ಲು ತೆಗೆಯುವುದು, ಇಲ್ಲವೇ ಹಾಕುವುದು. ಈಗ ಅದರ ಬದಲು ಆಡಿಯೊ ರೆಕಾರ್ಡರು, ಮಾನಿಟರಿನ ದೊಡ್ಡ ಬ್ಯಾಟರಿ ಹಿಂದೆ ಹಾಕುತ್ತೇನೆ. ಸುಮ್ಮನೆ ಕಬ್ಬಿಣ ಹೊರುವ ಬದಲು ಕೆಲಸಕ್ಕೆ ಬರುವ ಭಾರ ಹೊರುವುದು ಒಳ್ಳೆಯದು.

ತೂಕ ಹಿಂದೆ ದೂರ ಹೋದಷ್ಟೂ ಒಳ್ಳೆಯದು ಅಂತ ಲೆಕ್ಕ ಹೇಳುತ್ತದೆ. ತೂಕವೂ ಕಮ್ಮಿ ಸಾಕು. 30ರಲ್ಲಿ 1.8 ಕೆಜಿ ಇಟ್ಟರೆ, 20ರಲ್ಲಿ 2.7 ಕೆಜಿ ಇಟ್ಟದ್ದಕ್ಕಿಂತ ಆ ಕಡೆ ಒಂದೂವರೆ ಪಟ್ಟು ಹೆಚ್ಚು ಸ್ಥಿರ. ನಾನೂ ಇದನ್ನು ನಂಬಿ ರಾಡು ಉದ್ದ ಬಿಟ್ಟುಕೊಂಡು ನಂಜನಗೂಡಿನ ದೊಡ್ಡ ಜಾತ್ರೆಗೆ ಹೋದೆ. ಅಲ್ಲಿ ಐದು ತೇರು ಎಳೆಯುತ್ತಾರೆ. ಬೆಳಗಿನ ಹೊತ್ತು, ರಥಬೀದಿಯಲ್ಲಿ ಕಾಲಿಡಲು ಜಾಗ ಇಲ್ಲ. ಗೌತಮ ರಥದ ಹಗ್ಗ ಬಿಗಿಯಾಯಿತು. ಜನ ಒಮ್ಮೆಲೇ ಜಯಕಾರ ಹಾಕಿದರು. ಆ ಕ್ಷಣ ಬಿಡಬಾರದು ಅಂತ ನಾನು ಸರಕ್ಕನೆ ತಿರುಗಿದೆ. ಹಿಂದಿದ್ದ ತೂಕ ಬೀಸಿ ಹೋಗಿ, ಹಣ್ಣು ಜವನ ಹಿಡಿದು ನಿಂತಿದ್ದ ಒಬ್ಬ ಅಜ್ಜಿಯ ತೋಳಿಗೆ ತಗುಲಿತು. ಅವರ ಕೈಯಲ್ಲಿದ್ದ ಬಾಳೆಹಣ್ಣು ಕೆಳಗೆ ಬಿತ್ತು. ‘ತಪ್ಪಾಯ್ತಮ್ಮ’ ಅಂತ ಕೈ ಮುಗಿದೆ. ಅವರು ತೋಳು ಉಜ್ಜಿಕೊಳ್ಳುತ್ತ ‘ಹಿಂದೆ ಜನ ಇರ್ತಾರೆ, ನೋಡ್ಕೊಂಡು ತಿರುಗಪ್ಪ’ ಅಂದರು. ಅಷ್ಟೇ ಅಂದರು. ಒಂದು ಗೇಣು ಮೇಲೆ ತಗುಲಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ನನಗೆ ಕಸಿವಿಸಿಯಾಗುತ್ತದೆ.

ಅವತ್ತಿನಿಂದ ನನ್ನ ಪದ್ಧತಿ ಇದು. ಛತ್ರದಲ್ಲಿ, ಹಿಂದೆ ಗೋಡೆ ಇರುವಾಗ, ರಾಡು ಉದ್ದ, ತೂಕ ಕಮ್ಮಿ. ಜನಸಂದಣಿಯಲ್ಲಿ ರಾಡು ಗಿಡ್ಡ, ತೂಕ ಜಾಸ್ತಿ. ತುದಿಗೆ ಸ್ಪಂಜು ಸುತ್ತುತ್ತೇನೆ. ನನ್ನ ಹಿಂದೆ ಒಬ್ಬ ಹುಡುಗ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇರುತ್ತಾನೆ. ನಾನು ತಿರುಗುವ ಮೊದಲು ಅವನು ತಟ್ಟಿ ಹೇಳಬೇಕು. ಚಿತ್ರ ಸ್ವಲ್ಪ ಅಲುಗಿದರೆ ಅಲುಗಲಿ. ಜನರಿಗೆ ಪೆಟ್ಟಾಗಬಾರದು.

ರಿಗ್ ಕೊಳ್ಳುವಾಗ ಏನು ನೋಡಬೇಕು ಅಂತ ಕೇಳುತ್ತೀರಿ. ರಾಡು 15 ಎಂಎಂ ದಪ್ಪ ಇರಲಿ, ಎರಡು ರಾಡುಗಳ ನಡುಮಧ್ಯದಿಂದ ನಡುಮಧ್ಯಕ್ಕೆ 60 ಎಂಎಂ ಇರಲಿ. ಇದು ಎಲ್ಲರೂ ಪಾಲಿಸುವ ಅಳತೆ, ಬೇರೆಬೇರೆ ಕಂಪನಿಯ ಭಾಗಗಳೂ ಕೂರುತ್ತವೆ. ಪಿವಿಸಿ ಪೈಪಿನಲ್ಲಿ ಮನೆಯಲ್ಲೇ ಮಾಡಿಕೊಂಡವರಿದ್ದಾರೆ. ಅವರ ಜಾಣತನಕ್ಕೆ ಮೆಚ್ಚುಗೆ ಇದೆ, ಆದರೆ ಪಿವಿಸಿ ಬಾಗುತ್ತದೆ, ಕಿರ್ರ್ ಅನ್ನುತ್ತದೆ, ಆ ಸದ್ದು ಮೈಕಿಗೆ ಹೋಗುತ್ತದೆ. ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ರಾಡು ಕೊಯ್ಯಿಸಿಕೊಳ್ಳಿ. ಇನ್ನು ಹೆಗಲ ಮೆತ್ತೆ. ನೀರು ಹೊರುವ ಹೆಂಗಸರು ತಲೆಗೆ ಸಿಂಬೆ ಯಾಕೆ ಇಟ್ಟುಕೊಳ್ಳುತ್ತಾರೆ? ನೋವಾಗದಿರಲಿ ಅಂತ ಮಾತ್ರ ಅಲ್ಲ, ಕೊಡ ಉರುಳದೆ ಕೂರಲಿ ಅಂತ. ರಿಗ್‌ನ ಮೆತ್ತೆಯೂ ಹಾಗೇ ಹೆಗಲಿನ ಬಾಗಿಗೆ ಕಚ್ಚಿ ಕೂರಬೇಕು. ಚಪ್ಪಟೆ ಇದ್ದರೆ ಜಾರುತ್ತದೆ. ಒಬ್ಬೊಬ್ಬರ ಹೆಗಲೂ ಬೇರೆ. ಅಂಗಡಿಯಲ್ಲೇ ಹೊತ್ತು ನೋಡಿ.

ಅಗ್ಗದ ರಿಗ್‌ಗಳಲ್ಲಿ ಒಂದು ದೊಡ್ಡ ತೊಡಕು ಇದೆ. ಮೆತ್ತೆ ಬಲ ಹೆಗಲ ಮೇಲೆ, ಕ್ಯಾಮೆರಾ ಅದರ ನೇರಕ್ಕೇ ಮುಂದೆ. ಆದರೆ ನಮ್ಮ ಕಣ್ಣು ಹೆಗಲ ನೇರಕ್ಕೆ ಇಲ್ಲವಲ್ಲ! ಕುತ್ತಿಗೆ ತಿರುಚಿ ನೋಡಬೇಕು. ಸಂಜೆ ರಿಸೆಪ್ಶನ್ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕ್ಯಾಮೆರಾವನ್ನು ಒಳಕ್ಕೆ, ಮುಖದ ಎದುರಿಗೆ ತರುವ ಅಡ್ಡಪಟ್ಟಿ ಬೇಕು. ಅದು ಬಂದರೆ ಸ್ಕ್ರೀನಿನ ಮೇಲೆ ಭೂತಗನ್ನಡಿ ಕವಚ ಹಾಕಿ ಕಣ್ಣಿಗೆ ಒತ್ತಿಕೊಳ್ಳಬಹುದು. ಬಿಸಿಲಿನಲ್ಲಿ ಸ್ಕ್ರೀನ್ ಕಾಣಿಸುತ್ತದೆ, ಫೋಕಸ್ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ಕಳೆದುಹೋಗಿದ್ದ ಮುಖದ ಆಸರೆ ವಾಪಸ್ ಬರುತ್ತದೆ. ಹೆಗಲು, ಎರಡು ಕೈ, ಕಣ್ಣು, ಈಗ ನಾಲ್ಕು ಆಸರೆ. ಮೊಣಕೈ ಪಕ್ಕೆಗೆ ಅಂಟಿರಲಿ.

ಕೈ ಬಿಟ್ಟರೂ ನಿಲ್ಲಬೇಕು ಅಂತ ನಾನು ಇಷ್ಟು ಹಟ ಹಿಡಿಯುವುದು ಯಾಕೆ ಗೊತ್ತಾ? ಗಟ್ಟಿಮೇಳದ ಹೊತ್ತು ನೆನಪು ಮಾಡಿಕೊಳ್ಳಿ. ಪುರೋಹಿತರು ಕೈ ಎತ್ತುತ್ತಾರೆ. ವಾಲಗದವರು ಒಮ್ಮೆಲೇ ಜೋರು ಮಾಡುತ್ತಾರೆ. ಕೂತಿದ್ದವರೆಲ್ಲ ಅಕ್ಷತೆ ಹಿಡಿದು ಎದ್ದು ಮುಂದಕ್ಕೆ ಬರುತ್ತಾರೆ. ನಿಮ್ಮ ಫ್ರೇಮಿನಲ್ಲಿ ವರನ ಬೆರಳು, ಮೂರು ಗಂಟು. ಪೂರ್ತಿ ತೆರೆದ ಲೆನ್ಸು, ನಾಲ್ಕು ಬೆರಳಷ್ಟು ಜಾಗ ಮಾತ್ರ ಶಾರ್ಪ್. ಮೂರನೇ ಗಂಟು ಬಿಗಿದ ಕೂಡಲೇ ಹುಡುಗಿಯ ಹಿಂದೆ ನಿಂತ ಅವಳ ತಾಯಿಯ ಮುಖಕ್ಕೆ ಫೋಕಸ್ ಹೋಗಬೇಕು. ಆ ತಾಯಿ ಅಳುವುದು ಆಗಲೇ. ಎರಡೂ ಕೈ ಹ್ಯಾಂಡಲ್ ಹಿಡಿದು ಭಾರ ಎತ್ತುತ್ತಿದ್ದರೆ ಫೋಕಸ್ ರಿಂಗ್ ತಿರುಗಿಸುವವರು ಯಾರು? 2013ರಲ್ಲಿ ಕ್ಯಾನನ್ 70ಡಿ ಬಂದ ಮೇಲೆ ವಿಡಿಯೊದಲ್ಲಿ ಆಟೊಫೋಕಸ್ ನಂಬುವ ಮಟ್ಟಕ್ಕೆ ಬಂತು, ನಿಜ. ಆದರೆ ಅಕ್ಷತೆ ಹಾಕುವ ಕೈಗಳು ಅಡ್ಡ ಬಂದಾಗ ಅದೂ ಕೈಗಳ ಕಡೆಗೇ ಓಡಿಬಿಡುತ್ತದೆ. ರಿಗ್ ತೂಗಿ ನಿಂತಿದ್ದರೆ ನಿಮ್ಮ ಎಡಗೈ ಪೂರ್ತಿ ಖಾಲಿ. ಎರಡೇ ಬೆರಳಿನಲ್ಲಿ ರಿಂಗ್ ತಿರುಗಿಸಬಹುದು. ರಿಂಗನ್ನು ಹಲ್ಲುಚಕ್ರದಿಂದ ತಿರುಗಿಸುವ ಫಾಲೋ ಫೋಕಸ್ ಇದ್ದರೆ ಇನ್ನೂ ನಯ. ಆ ಎಡಗೈ ಖಾಲಿ ಆಗಲಿ ಅಂತಲೇ ಈ ಕಬ್ಬಿಣವೆಲ್ಲ.

ರಿಗ್ ಏನು ಮಾಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ನಡೆಯುವಾಗ ಮೇಲೆ ಕೆಳಗೆ ಕುಲುಕುವುದನ್ನು ಅದು ತಡೆಯುವುದಿಲ್ಲ. ಮೋಟಾರುಗಳಿಂದ ಕ್ಯಾಮೆರಾವನ್ನು ನೆಟ್ಟಗಿಡುವ ಗಿಂಬಲ್ ಕೂಡ ತಿರುಗುವುದನ್ನು ತಡೆಯುತ್ತದೆಯೇ ಹೊರತು ಆ ಕುಲುಕಾಟವನ್ನು ಪೂರ್ತಿ ನುಂಗುವುದಿಲ್ಲ. ಅದು ನಮ್ಮ ಮೊಣಕಾಲಿನ ಕೆಲಸ. ಉತ್ಸವದಲ್ಲಿ ಅಡ್ಡೆ ಹೊರುವವರ ಕಾಲು ನೋಡಿ. ಮೊಣಕಾಲು ಸ್ವಲ್ಪ ಮಡಿಚಿ, ಸಣ್ಣ ಹೆಜ್ಜೆ. ಮೊದಲು ಹಿಮ್ಮಡಿ, ಆಮೇಲೆ ಪಾದ. ನಾನು ಆ ನಡಿಗೆ ಕಲಿತದ್ದು ಅವರನ್ನು ನೋಡಿಯೇ. ಉದ್ದಕ್ಕೆ ನಡೆಯುವ ಶಾಟ್ ಬೇಕಿದ್ದರೆ ಗಿಂಬಲ್ ತನ್ನಿ, ತಪ್ಪಿಲ್ಲ. ನಿಂತು ನೋಡುವ ಶಾಟ್‌ಗೆ ನನ್ನ ಆಯ್ಕೆ ಹೆಗಲೇ. ಗಿಂಬಲ್ ಚಿತ್ರ ಗಾಳಿಯಲ್ಲಿ ತೇಲುತ್ತದೆ. ಹೆಗಲ ಚಿತ್ರದಲ್ಲಿ ಒಬ್ಬ ಮನುಷ್ಯ ಅಲ್ಲಿ ನಿಂತು ಉಸಿರಾಡುತ್ತ ನೋಡುತ್ತಿದ್ದಾನೆ ಅನ್ನಿಸುತ್ತದೆ. ಮನೆಯವರು ವರ್ಷಗಳ ಮೇಲೆ ಆ ವಿಡಿಯೊ ಹಾಕಿಕೊಂಡು ಕೂತಾಗ ಅವರಿಗೆ ಬೇಕಿರುವುದು ಆ ನೋಟ.

ಇನ್ನು ಸಣ್ಣಪುಟ್ಟದ್ದು. ಅಗಲ ಲೆನ್ಸ್‌ನಲ್ಲಿ ಅಲುಗಾಟ ಕಮ್ಮಿ ಕಾಣುತ್ತದೆ, 35 ಎಂಎಂ ಆಸುಪಾಸು ಇರಿ. ಸಣ್ಣ ಸೆನ್ಸರಿನ ಕ್ಯಾನನ್ ಆದರೆ 1.6ರಿಂದ ಗುಣಿಸಿ, 24 ಹಾಕಿದರೆ 38ರ ಹಾಗೆ ಕಾಣುತ್ತದೆ. 70-200ರ ಉದ್ದ ಜೂಮ್ ಲೆನ್ಸ್ ಹೆಗಲ ಮೇಲೆ ಬೇಡ, ಅದಕ್ಕೆ ಟ್ರೈಪಾಡ್. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಛತ್ರದ ಟ್ಯೂಬ್‌ಲೈಟ್ ಮಿನುಗುವುದೂ ತಪ್ಪುತ್ತದೆ. ಹೊರಗೆ ಬಿಸಿಲಿದ್ದರೆ ಶಟರ್ ಏರಿಸಬೇಡಿ, ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ಕ್ಯಾಮೆರಾದ ಮೇಲಿನ ಮೈಕಿಗೆ ರಿಗ್‌ನ ಎಲ್ಲ ಸದ್ದೂ ಬರುತ್ತದೆ, ಮಂತ್ರ, ವಾಲಗ ಬೇರೆ ರೆಕಾರ್ಡರಿನಲ್ಲಿ ಹಿಡಿಯಿರಿ.

ಬೆನ್ನಿನ ಬಗ್ಗೆ ಒಂದು ಮಾತು. ಎಲ್ಲ ಸೇರಿ ಹೆಗಲ ಮೇಲೆ 5, 6 ಕೆಜಿ ಕೂರುತ್ತದೆ. ಶಾಟ್ ಮುಗಿದ ಕೂಡಲೇ ಇಳಿಸಿ. ಒಂದು ಸ್ಟೂಲ್ ಜೊತೆಗೇ ಇರಲಿ. ಬೆಳಗಿನ ಐದು ಗಂಟೆಗೆ ಬಂದು ರಾತ್ರಿ ಬೀಗರ ಊಟದ ತನಕ ನಿಲ್ಲುವವರು ನಾವು. ಈ ಕೆಲಸದಲ್ಲಿ ಸೊಂಟ ಕಳೆದುಕೊಂಡ ಹಿರಿಯರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಈಗ ನನ್ನ ಮಾತು ಸಾಕು. ಆ ಹುಡುಗ ಇನ್ನೂ ಇಲ್ಲೇ ನಿಂತಿದ್ದಾನೆ. ತೂಕದ ಚೀಲ ಮತ್ತೆ ಹಿಂದೆ ಕಟ್ಟೋಣ. ಬಾರಪ್ಪ. ಇನ್ನು ಸ್ವಲ್ಪ ಹಿಂದಕ್ಕೆ ತಳ್ಳು, ಹಾಂ, ಅಲ್ಲೇ ಸ್ಕ್ರೂ ಬಿಗಿ ಮಾಡು. ಈಗ ಕೈ ಬಿಡು. ಒಂದು, ಎರಡು, ಮೂರು... ಟಿವಿ ಕಡೆ ನೋಡಿ, ಸೆಕೆಂಡ್ ಮುಳ್ಳು ಎಣಿಸಬಹುದು. ಸ್ಕ್ರೂ ಬಿಗಿಯುವ ಅಲೆನ್ ಕೀ ಮೇಜಿನ ಮೇಲಿದೆ. ನಿಮ್ಮ ನಿಮ್ಮ ರಿಗ್ ತಂದಿರುವವರು ಒಬ್ಬೊಬ್ಬರಾಗಿ ಬನ್ನಿ.